ಹೊನ್ನಿನ ಕೆಂಪು

ಸಂಜೆಯೇ ಅಳೆದಿಟ್ಟಿದ್ದಳು ಯಿತ್ಕಾ,
ನೋವಿ ಬೋರಿನ ಗಾಜಿನ ಮನೆಯಲ್ಲಿ ಮಿಶ್ರಣ ಕಲಸುವವಳು,
ನಲವತ್ತೊಂದು ತುಂಬಿದವಳು:
ಮರಳಿಗೆ ಪೊಟ್ಯಾಷ್, ಅದಕ್ಕೆ ಚಿಟಿಕೆ ತವರ,
ಕೊನೆಗೆ ಸೇರಿಗೊಂದು ಗುಲಗಂಜಿ ತೂಕದ ಚಿನ್ನ,
ರಾಜದ್ರಾವಕದಲ್ಲಿ ಕರಗಿ
ಸೀಸೆಯ ತಳದಲ್ಲಿ ಹಳದಿ ನೀರಾಗಿ ಕೂತದ್ದು.
ರಾತ್ರಿಯಿಡೀ ಕುಲುಮೆ ತನ್ನಷ್ಟಕ್ಕೆ ಗೊಣಗಿತು.
ಹೊರಗೆ ಹಿಮ, ಸದ್ದಿಲ್ಲದೆ.

ಹಳದಿಯದೆಲ್ಲ ಚಿನ್ನವಲ್ಲ ಅನ್ನುತ್ತಾರಲ್ಲ,
ಈ ಊರಲ್ಲಿ ಮಾತು ತಿರುಗಾಮುರುಗ:
ಚಿನ್ನವೆಲ್ಲ ಹಳದಿಯಲ್ಲ.

ಬೆಳಿಗ್ಗೆ ಊದಿದ ಬಟ್ಟಲಿಗೆ ಬಣ್ಣವೇ ಇಲ್ಲ.
ತಡೇಆಶ್, ಹೊಸ ಹುಡುಗ, ಊದುಗೊಳವೆ ಹಿಡಿದು ಪೆಚ್ಚಾದ:
"ಚಿನ್ನ ಹಾಕೋದು ಮರೆತರೇನು?"
ಮುದುಕ ವೆಂಡೆಲೀನ್ ತೆಳು ಬಿಯರಿನ ಲೋಟ ಇಳಿಸಿ ನಕ್ಕ.
ಇದೆ. ಇದ್ದೂ ಇಲ್ಲ.
ಒಂಟಿ ಪರಮಾಣುವಿಗೆ ಎಲ್ಲಿಯ ಬಣ್ಣ?
ಸಂತೆಯಲ್ಲಿ ಕೈತಪ್ಪಿದ ಮಕ್ಕಳ ಹಾಗೆ
ಗಾಜಿನ ದಟ್ಟಣೆಯಲ್ಲಿ ಒಂದೊಂದೂ ಒಂದೊಂದು ಕಡೆ.
ಮತ್ತೆ ಬೆಂಕಿಗೆ ಹಿಡಿ. ತಾಳು.
ಒಂದನ್ನೊಂದು ಹುಡುಕಿಕೊಳ್ಳಲಿ.

ಮತ್ತೆ ಬೆಂಕಿ.
ಹತ್ತು, ನೂರು, ಸಾವಿರ, ಲಕ್ಷ ಗುಂಪುಗೂಡಿ
ಕೂದಲೆಳೆಯ ಅಗಲದಲ್ಲಿ ಎರಡು ಸಾವಿರಕ್ಕೊಂದು ಪಾಲಿನ ಉಂಡೆ.
ಅಷ್ಟು ಪುಟ್ಟ ಮನೆಯಲ್ಲಿ ಎಲೆಕ್ಟ್ರಾನುಗಳಿಗೆ ಅಡ್ಡಾಡಲು ಎಡೆಯಿಲ್ಲ,
ಬೆಳಕು ತಟ್ಟಿದರೆ ಎಲ್ಲವೂ ಒಟ್ಟಿಗೇ ಓಲಾಡುತ್ತವೆ.
ತುಂಬಿದ ಕೊಡ ತುಳುಕುವುದಿಲ್ಲವಂತೆ;
ಇದು ತುಳುಕುತ್ತದೆ, ತುಳುಕಿ ತುಳುಕಿ
ಹಸಿರನ್ನು ನುಂಗುತ್ತದೆ.
ಉಳಿದದ್ದು ಕೆಂಪು.

ಬುಡದಲ್ಲಿ ಮೊದಲು ಅನುಮಾನದಂಥ ಗುಲಾಬಿ,
ಆಮೇಲೆ ಕೆನ್ನೆ, ಆಮೇಲೆ ದಾಳಿಂಬೆ.
ಗಳಿಗೆ ಮೀರಿದರೆ ಹಳೇ ಗಾಯದ ಕಂದು;
ಉಂಡೆ ದಪ್ಪಗಾದಂತೆ ಚಿನ್ನ
ತಾನು ಚಿನ್ನವೆಂಬ ನೆನಪಿಗೆ ಮರಳುತ್ತದೆ.
ವೆಂಡೆಲೀನನ ಅಜ್ಜ ಆ ಗಳಿಗೆಯನ್ನು ಉಸಿರಿನಲ್ಲಿ ಎಣಿಸುತ್ತಿದ್ದನಂತೆ,
ನ್ಯಾನೋ ಎಂಬ ಪದ ಈ ಊರಿನ ದಾರಿ ಹಿಡಿಯುವ ಮೊದಲು.

ಆ ಗಳಿಗೆಗೆ ಯಿತ್ಕಾ ಅಲ್ಲಿರಲಿಲ್ಲ.
ಹಿಂದಿನ ಕಕ್ಕಸಿನಲ್ಲಿ, ಬಿಳಿ ಟೈಲಿನ ಅಂಚಿನ ಮೇಲೆ
ಔಷಧಿ ಅಂಗಡಿಯ ಪ್ಲಾಸ್ಟಿಕ್ ಕಡ್ಡಿ ಇಟ್ಟು
ಗಡಿಯಾರ ನೋಡುತ್ತಿದ್ದಳು. ಮೂರು ನಿಮಿಷ.

ಅವಳಿಗೆ ಗೊತ್ತು, ಇದರೊಳಗೂ ಅದೇ.
ಕಾಗದದಲ್ಲಿ ಒಣಗಿ ಮಲಗಿದ ಚಿನ್ನದ ಉಂಡೆಗಳು,
ಒಂದೊಂದಕ್ಕೂ ಮೈತುಂಬ ಪ್ರೋಟೀನಿನ ಕೈಗಳು.
ಬತ್ತಿ ಎಣ್ಣೆ ಹೀರುವಂತೆ ನೀರು ಹೀರಿ
ಕಾಗದ ಅವನ್ನು ಎಬ್ಬಿಸಿ ಹೊರಡಿಸುತ್ತದೆ.
ಬಸಿರಿನ ಹಾರ್ಮೋನು ದಾರಿಯಲ್ಲಿ ಸಿಕ್ಕರೆ ಹಿಡಿದುಕೊಳ್ಳುತ್ತವೆ,
ಹಿಡಿದವನ್ನು ಮೊದಲ ಗೆರೆ ತಡೆದು ನಿಲ್ಲಿಸುತ್ತದೆ.
ಸಿಗದಿದ್ದವು ಬರಿಗೈಯಲ್ಲೇ ಮುಂದೆ ಹೋಗಿ
ಕೊನೆಯ ಗೆರೆಯಲ್ಲಿ ಕೂರುತ್ತವೆ.
ಆ ಗೆರೆ ಯಾರನ್ನೂ, ಏನು ತಂದೆ ಎಂದು ಕೇಳುವುದಿಲ್ಲ.

ಒಂದು ಗೆರೆ ಮೂಡಿತು.
ಕೊನೆಯದು. ಬಟ್ಟಲಿನದೇ ಕೆಂಪು.
ಕಡ್ಡಿ ಕೆಟ್ಟಿಲ್ಲ, ಎಂದಷ್ಟೇ ಅದರ ಅರ್ಥ;
ಕೈಗಳೆಲ್ಲ ಸರಿಯಾಗಿವೆ, ಹಿಡಿಯಲು ಏನೂ ಇರಲಿಲ್ಲ.
ಮೊದಲ ಗೆರೆಯ ಜಾಗದಲ್ಲಿ ಕಾಗದ.

ದೀಪಕ್ಕೆ ಹಿಡಿದಳು. ಓರೆ ಮಾಡಿದಳು.
ಇಪ್ಪತ್ತು ವರ್ಷ ಬಣ್ಣವಿಲ್ಲದ ಗಾಜನ್ನು ನಂಬಿ ಕಾದವಳು,
ಇದನ್ನೂ ಇನ್ನೊಮ್ಮೆ ಬೆಂಕಿಗೆ ಹಿಡಿದರೆ, ಎಂದು
ಕಾಗದ ಸುಡುತ್ತದೆ, ಅಷ್ಟೆ. ಅದೂ ಗೊತ್ತು.
ಒಲ್ದ್ರಿಖ್‌ಗೆ ಏನೋ ಬರೆದಳು, ಅಳಿಸಿದಳು,
ಬರುವಾಗ ಬ್ರೆಡ್ಡು ತಾ ಎಂದು ಕಳಿಸಿದಳು.

ಒಳಗೆ ತಡೇಆಶ್ ಕುಣಿಯುವುದೊಂದು ಬಾಕಿ:
"ಬಂತು! ತಾನಾಗೇ ಬಂತು!"
"ತಾನಾಗಿ," ಅಂದ ವೆಂಡೆಲೀನ್, ಮುಂದೆ ಏನೂ ಹೇಳದೆ ಲೋಟ ಎತ್ತಿದ.
ಕೊಳವೆಯ ತುದಿಯಲ್ಲೇ ಬಟ್ಟಲನ್ನು ಕಿಟಕಿಗೆ ಹಿಡಿದಳು ಯಿತ್ಕಾ.
ಹಿಮದ ಬಿಳಿ ಬೆಳಕು ಒಳಹೊಕ್ಕು
ಕೆಂಪಾಗಿ ಹೊರಬಂದು ಅವಳ ಏಪ್ರನ್ನಿನ ಮೇಲೆ ಬಿತ್ತು.
ಅದರ ಜೇಬಿನಲ್ಲಿ ಕಡ್ಡಿ.
ಎರಡರದೂ ಸೇರಿಸಿದರೆ
ಒಂದು ಮೂಗುತಿಗೂ ಸಾಲದ ಚಿನ್ನ.

"ಬುಡದಲ್ಲೊಂದು ಗುಳ್ಳೆ ಇದೆ," ಎಂದಳು.
"ಇನ್ನೊಂದು ಊದು."